ಫ್ಲೆಕ್ಸಿನಲ್ಲಿರುವ ಹೆಣ್ಣಿಗೆ ಏನು ಕೆಲಸ?

ಜಾಹೀರಾತು ಮತ್ತು ಸುದ್ದಿಯಲ್ಲಿ ಹೆಣ್ಣನ್ನು ತೋರಿಸುವ ಬಗೆಯ ಕುರಿತು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿವು. ಮಾಧ್ಯಮ ಅಧ್ಯಯನದ ಉಪನ್ಯಾಸಕಿ, ವಕೀಲೆ ಮತ್ತು ಜಾಹೀರಾತು ವಿನ್ಯಾಸಕರೊಬ್ಬರು ಕೂಡಿ ಉತ್ತರಿಸಿದ್ದಾರೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಬಿ.ಎಂ. ರಸ್ತೆಯಲ್ಲಿ ಸೀರೆ ಅಂಗಡಿಯ ದೊಡ್ಡ ಫ್ಲೆಕ್ಸ್ ಇದೆ. ಹುಡುಗಿ ಮೈತುಂಬ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದಿದ್ದಾಳೆ. ನನ್ನ ಮಗಳು ಅದನ್ನೂ ಸರಿಯಿಲ್ಲ ಅನ್ನುತ್ತಾಳೆ. ಮೈ ಬಿಟ್ಟರೂ ತಪ್ಪು, ಮುಚ್ಚಿದರೂ ತಪ್ಪು ಎಂದರೆ ಅಂಗಡಿಯವರು ಏನು ಮಾಡಬೇಕು?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಬಟ್ಟೆ ಎಷ್ಟಿದೆ ಎಂಬುದು ಮರ್ಯಾದೆಯ ಪ್ರಶ್ನೆ. ಸ್ತ್ರೀವಾದಿ ವಿಮರ್ಶೆ ಕೇಳುವುದು ಅದನ್ನಲ್ಲ. ಚಿತ್ರದಲ್ಲಿರುವ ಹೆಣ್ಣಿಗೆ ಏನು ಕೆಲಸ ಕೊಟ್ಟಿದ್ದಾರೆ, ಅವಳು ಯಾರನ್ನು ನೋಡುತ್ತಾಳೆ, ಅವಳನ್ನು ಯಾರು ನೋಡುತ್ತಾರೆ ಎಂದು ಕೇಳುತ್ತದೆ. ನಿಮ್ಮ ಮಗಳು ನೋಡಿದ್ದೂ ಅದನ್ನೇ ಇರಬಹುದು.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1970ರ ದಶಕದಲ್ಲಿ ನೂರಾರು ಜಾಹೀರಾತು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಕೆಲವು ಗುರುತುಗಳನ್ನು ಹೇಳಿದರು. ಅವನ್ನು ರಸ್ತೆಯಲ್ಲಿ ನಿಂತೇ ಪರೀಕ್ಷಿಸಬಹುದು. ಮೊದಲು ಕೈ ನೋಡಿ. ಗಂಡಸಿನ ಕೈ ವಸ್ತುವನ್ನು ಬಿಗಿಯಾಗಿ ಹಿಡಿದಿರುತ್ತದೆ, ತಿರುಗಿಸುತ್ತಿರುತ್ತದೆ. ಹೆಣ್ಣಿನ ಬೆರಳು ಅದೇ ವಸ್ತುವಿನ ಅಂಚನ್ನು ಸವರುತ್ತದೆ, ಇಲ್ಲವೇ ತನ್ನ ಕೆನ್ನೆಯನ್ನೇ ಮುಟ್ಟಿಕೊಳ್ಳುತ್ತದೆ. ಆಮೇಲೆ ಎತ್ತರ. ಗಂಡು ನಿಂತಿದ್ದರೆ ಅವಳು ಕೂತಿರುತ್ತಾಳೆ, ಅವನು ಕೂತರೆ ಅವಳು ಒರಗಿರುತ್ತಾಳೆ. ತಲೆ ಓರೆಯಾಗಿರುತ್ತದೆ, ಒಂದು ಮೊಣಕಾಲು ಮಡಿಚಿರುತ್ತದೆ. ಹಾಗೆ ನಿಂತು ಎರಡು ನಿಮಿಷ ಬಸ್ಸಿಗೆ ಕಾದು ನೋಡಿ, ಸೊಂಟ ಹಿಡಿಯುತ್ತದೆ. ಕೊನೆಗೆ ಕಣ್ಣು. ಎಲ್ಲೋ ದೂರ ನೆಟ್ಟ, ಇಲ್ಲಿ ಇಲ್ಲವೇ ಇಲ್ಲ ಎಂಬಂಥ ನೋಟ. ಸಿನಿಮಾ ಕುರಿತು ಲಾರಾ ಮಲ್ವಿ 1975ರಲ್ಲಿ ಬರೆದ ಪ್ರಬಂಧದಿಂದ ‘ಗಂಡುನೋಟ’ ಎಂಬ ಮಾತು ಚಲಾವಣೆಗೆ ಬಂತು. ಕ್ಯಾಮೆರಾ, ಕಥೆಯೊಳಗಿನ ಗಂಡು, ಪ್ರೇಕ್ಷಕ ಈ ಮೂವರೂ ಒಂದೇ ಕಡೆ ನಿಂತು ಅವಳನ್ನು ನೋಡುವುದಕ್ಕೆ ಆ ಹೆಸರು.

ಇನ್ನೊಂದು ಸುಲಭದ ಪರೀಕ್ಷೆಯಿದೆ. ಅದೇ ಭಂಗಿಯಲ್ಲಿ ಪಂಚೆ ಅಂಗಡಿಗಾಗಿ ಮೂವತ್ತರ ಗಂಡಸೊಬ್ಬನನ್ನು ನಿಲ್ಲಿಸಿ ನೋಡಿ. ನಗು ಬಂದರೆ, ಯಾವುದಕ್ಕೆ ಬಂತೋ ಅದನ್ನೇ ಆ ಭಂಗಿ ಹೆಣ್ಣಿನ ಬಗ್ಗೆ ಹೇಳುತ್ತಿತ್ತು ಎಂದರ್ಥ. ಬಸಿರು, ಬಾಣಂತನ, ಮುಟ್ಟಿನ ಬಟ್ಟೆಯಂಥ ಸರಕಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಒಂದು ಫ್ಲೆಕ್ಸನ್ನು ಮಾತ್ರ ಹಿಡಿದು ತೀರ್ಪು ಕೊಡುವುದೂ ಸಲ್ಲದು. ಸೀರೆ ಮಾರಲು ಸೀರೆ ಉಟ್ಟವರು ಬೇಕೇ ಬೇಕು. ರಸ್ತೆಯ ಇಪ್ಪತ್ತು ಫ್ಲೆಕ್ಸಿನಲ್ಲೂ ಹೆಣ್ಣಿಗೆ ನಿಲ್ಲುವುದೊಂದೇ ಕೆಲಸವಾದಾಗ ನಿಮ್ಮ ಮಗಳ ಮಾತು ಗಟ್ಟಿಯಾಗುತ್ತದೆ. ಅಂಗಡಿಯವರು ಮಾಡಬಹುದಾದದ್ದೂ ಸಣ್ಣದೇ: ಅವಳು ನಡೆಯಲಿ, ಬಸ್ಸು ಹತ್ತಲಿ, ಸೀರೆಯ ಸೆರಗಿನ ನೂಲನ್ನು ಪರೀಕ್ಷಿಸಿ ಬೆಲೆ ಚೌಕಾಸಿ ಮಾಡಲಿ. ಸೀರೆ ಕೊಳ್ಳುವವರು ಅಂಗಡಿಯಲ್ಲಿ ನಿಜಕ್ಕೂ ಮಾಡುವುದು ಅದನ್ನೇ.

ಪ್ರಶ್ನೆ: ಬೇಲೂರಿನ ದರ್ಪಣಸುಂದರಿಯೂ ಕನ್ನಡಿ ಹಿಡಿದು ಅಲಂಕಾರ ನೋಡಿಕೊಳ್ಳುತ್ತಾಳೆ. ಒಂಬೈನೂರು ವರ್ಷದಿಂದ ಯಾರೂ ಆಕ್ಷೇಪಿಸಿಲ್ಲ. ಬ್ಯೂಟಿ ಪಾರ್ಲರ್ ಬೋರ್ಡಿಗೆ ಮಾತ್ರ ಯಾಕೆ ಇಷ್ಟು ತಕರಾರು?
– ಪ್ರವಾಸಿ ಮಾರ್ಗದರ್ಶಿ, ಬೇಲೂರು

ಉತ್ತರ: ನೀವು ದಿನಾ ಜನಕ್ಕೆ ತೋರಿಸುವ ಗುಡಿಯಲ್ಲೇ ಉತ್ತರವಿದೆ. 1117ರ ಆ ದೇವಾಲಯದಲ್ಲಿ ಮದನಿಕೆಯರು 42. ಅವರಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೊರಟವಳಿದ್ದಾಳೆ, ವಾದ್ಯ ನುಡಿಸುವವಳಿದ್ದಾಳೆ, ಕುಣಿಯುವವಳು, ಗಿಳಿಯೊಡನೆ ಮಾತಾಡುವವಳು ಇದ್ದಾರೆ. ಪಾರ್ಲರ್ ಬೋರ್ಡು, ಒಡವೆ ಅಂಗಡಿಯ ಕ್ಯಾಲೆಂಡರು, ಸೋಪಿನ ಪೊಟ್ಟಣ ಎಲ್ಲವೂ ಆರಿಸಿಕೊಂಡದ್ದು ಕನ್ನಡಿ ಹಿಡಿದವಳನ್ನು. ಬೇಟೆಗಾರ್ತಿಯನ್ನು ಹಾಕಿಕೊಂಡ ಬೋರ್ಡು ಹುಡುಕಿ ನೋಡಿ. 42ರಲ್ಲಿ ಒಂದನ್ನೇ ಎತ್ತಿಕೊಂಡು ‘ಹೆಣ್ಣೆಂದರೆ ಇದು’ ಎನ್ನುವುದಕ್ಕೆ ವಿಮರ್ಶೆಯಲ್ಲಿ ಸಿದ್ಧಮಾದರಿ ಎನ್ನುತ್ತಾರೆ.

ಹಾಗೆಂದು ಶಿಲ್ಪವನ್ನು ಪ್ರಶ್ನಿಸಲೇಬಾರದು ಎಂದಲ್ಲ. ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರಂಥ ರೂವಾರಿಗಳ (ಶಿಲ್ಪಿಗಳ) ಹೆಸರು ಕೆತ್ತಿದೆ. ಅದೂ ಗಂಡಸರು ಕಂಡ ಹೆಣ್ಣೇ. ಆದರೆ ದರ್ಪಣಸುಂದರಿ ನೋಡುತ್ತಿರುವುದು ತನ್ನನ್ನು. ‘ನಿನ್ನ ಮುಖದಲ್ಲಿ ಇಂಥ ಕೊರತೆಯಿದೆ, ಇದನ್ನು ಕೊಂಡರೆ ಹೋಗುತ್ತದೆ’ ಎಂದು ಅವಳು ನೋಡುವವಳಿಗೆ ಹೇಳುವುದಿಲ್ಲ. ಬೋರ್ಡು ಹೇಳುತ್ತದೆ. ತಕರಾರು ಅಷ್ಟಕ್ಕೆ.

ಪ್ರಶ್ನೆ: ನಮ್ಮದು ಸಣ್ಣ ಕಾಫಿಪುಡಿ ಉದ್ಯಮ, ಜೊತೆಗೆ ಹೋಮ್‌ಸ್ಟೇ. ಪೊಟ್ಟಣದ ಮೇಲೆ ಹಣ್ಣು ಕುಯ್ಯುವ ಹೆಂಗಸಿನ ಚಿತ್ರ ಹಾಕಿಸಿದ್ದೇವೆ. ಕೆಲಸ ಮಾಡುವವಳನ್ನೇ ತೋರಿಸಿದ್ದೇವಲ್ಲ, ಆದರೂ ಬೆಂಗಳೂರಿನ ಗ್ರಾಹಕರೊಬ್ಬರು ಟೀಕಿಸಿದರು.
– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ನೀವು ಕಳಿಸಿದ ಪೊಟ್ಟಣ ನೋಡಿದೆವು. ಹೂವಿನ ರವಿಕೆ, ಸಡಿಲ ಜಡೆ, ಕಂಕುಳಲ್ಲಿ ಬಿದಿರಿನ ಬುಟ್ಟಿ, ಎರಡು ಬೆರಳ ತುದಿಯಲ್ಲಿ ಒಂದೇ ಒಂದು ಕೆಂಪು ಹಣ್ಣು, ಓದುಗನತ್ತ ನಗು. ಈಗ ಡಿಸೆಂಬರಿನಲ್ಲಿ ನಿಮ್ಮದೇ ತೋಟಕ್ಕೆ ಹೋಗಿ ನೋಡಿ. ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು, ಸೊಂಟಕ್ಕೆ ಕಟ್ಟಿದ ಚೀಲ. ಒಂದು ಕೈ ಗಿಡದ ರೆಕ್ಕೆಯನ್ನು (ಕೊಂಬೆಯನ್ನು) ಬಗ್ಗಿಸಿ ಹಿಡಿದಿದ್ದರೆ ಇನ್ನೊಂದು ಹಣ್ಣು ಬಿಡಿಸುತ್ತಿರುತ್ತದೆ. ಸಂಜೆ ತೂಕದ ಕಾಟದ ಮುಂದೆ ಸಾಲು. ಅರೇಬಿಕಾ ತಳಿಯ ಕಾಫಿಯಲ್ಲಿ ಹಣ್ಣಾದದ್ದನ್ನಷ್ಟೇ ಆರಿಸಿ ಕುಯ್ಯಬೇಕು, ಅದಕ್ಕೇ ಒಂದೇ ಗಿಡಕ್ಕೆ ಹಲವು ಸಲ ಬರಬೇಕು. ನಿಮ್ಮ ಪುಡಿಯ ರುಚಿ ನಿಂತಿರುವುದು ಈ ಆಯ್ಕೆಯ ಮೇಲೆ. ಪೊಟ್ಟಣದ ಚಿತ್ರ ಆ ಕೌಶಲವನ್ನೇ ಅಳಿಸಿಹಾಕಿ, ಅದರ ಜಾಗದಲ್ಲಿ ಒಂದು ಚೆಲುವನ್ನು ಇಟ್ಟಿದೆ. ಮೇಲೆ ಹೇಳಿದ ‘ಸವರುವ ಕೈ’ ಇದೇ.

ಸರಿಪಡಿಸಲು ಹೀಗೆ ಮಾಡಿ. ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುವ ಸ್ಟಾಕ್ ಚಿತ್ರ ಬಿಟ್ಟು ನಿಮ್ಮ ತೋಟದ್ದೇ ತೆಗೆಸಿ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿರಲಿ, ಮೇಲಿಂದ ಕೆಳಗೆ ಬೇಡ. ‘ಸ್ವಲ್ಪ ಶರ್ಟು ತೆಗೆಯಮ್ಮಾ, ಹೂ ಮುಡಿ’ ಎನ್ನಬೇಡಿ. ಮುಖ ಕಾಣುವಂತಿದ್ದರೆ ಒಪ್ಪಿಗೆ ಬರೆಸಿಕೊಳ್ಳಿ: ಚಿತ್ರ ಎಲ್ಲೆಲ್ಲಿ ಬಳಸುತ್ತೀರಿ (ಪೊಟ್ಟಣ, ಇನ್‌ಸ್ಟಾಗ್ರಾಂ, ಬೋರ್ಡು), ಎಷ್ಟು ವರ್ಷ, ಎಷ್ಟು ಹಣ ಎಂಬ ನಾಲ್ಕು ಸಾಲು ಕನ್ನಡದಲ್ಲಿ; ಓದು ಬಾರದವರಿಗೆ ತೋಟದ ಹೊರಗಿನವರೊಬ್ಬರು ಓದಿ ಹೇಳಲಿ. ತೋಟದ ರೈಟರ್ (ಗುಮಾಸ್ತ) ಎದುರಿಗೇ ನಿಂತು ‘ಆಗಬಹುದಲ್ಲಾ?’ ಎಂದು ಕೇಳಿದರೆ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಅದು ಒಪ್ಪಿಗೆಯೂ ಅಲ್ಲ. ಆ ದಿನದ ಕೂಲಿ ಕಿಲೋ ಲೆಕ್ಕದ್ದಾದರೆ, ಫೋಟೊಕ್ಕೆ ನಿಂತ ಹೊತ್ತಿನ ನಷ್ಟವನ್ನೂ ಕಟ್ಟಿಕೊಡಿ.

ಹೋಮ್‌ಸ್ಟೇ ಕರಪತ್ರದ್ದು ಇನ್ನೊಂದು ಸಂಗತಿ. ಅದರಲ್ಲಿ ತೋಟದ ನಡುವೆ ಟೋಪಿ ಹಾಕಿ ನಿಂತ ಪ್ರವಾಸಿ ಹುಡುಗಿ ಇದ್ದಾಳೆ, ಮರಗಸಿ ಮಾಡುವ (ನೆರಳಿನ ಮರದ ಕೊಂಬೆ ಕಡಿಯುವ) ಗಂಡಸಿದ್ದಾನೆ, ಬಾಳೆಎಲೆಯ ಮೇಲೆ ಅಕ್ಕಿರೊಟ್ಟಿ, ಕಡುಬು ಇವೆ. ಬೆಳಗ್ಗೆ ಐದಕ್ಕೆ ಎದ್ದು ಅವನ್ನು ಮಾಡಿದವರು ಇಲ್ಲ.

ಪ್ರಶ್ನೆ: ಗಂಡಸರು ಬಟ್ಟೆ ಒಗೆಯುವ, ಅಡುಗೆ ಮಾಡುವ ಜಾಹೀರಾತುಗಳು ಬಂದು ಹತ್ತು ವರ್ಷವಾಯಿತು. ಇನ್ನೂ ಏನು ಬೇಕಂತೆ?
– ಒಬ್ಬ ಗಂಡ, ಕಡೂರು

ಉತ್ತರ: 2015ರಲ್ಲಿ ಬಟ್ಟೆ ಒಗೆಯುವ ಪುಡಿಯೊಂದು ‘ಭಾರ ಹಂಚಿಕೊಳ್ಳಿ’ ಎಂದು ಹೊರಟದ್ದು ಒಳ್ಳೆಯದೇ. ಆದರೆ ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಲೆಕ್ಕ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುವವರೇ ನೂರಕ್ಕೆ 26, ಅವರು ಕೊಡುವುದು 97 ನಿಮಿಷ. ಇಂಥ ಜಾಹೀರಾತು ನೋಡುವಾಗ ಎರಡು ಗಮನಿಸಿ. ಅವನು ಮಾಡುವುದು ತನ್ನ ಕೆಲಸವೋ, ಅವಳಿಗೆ ‘ಸಹಾಯ’ವೋ? ಮುಗಿದ ಮೇಲೆ ಹಿನ್ನೆಲೆ ಸಂಗೀತ ಯಾರಿಗಾಗಿ ಉಕ್ಕುತ್ತದೆ? ದಿನಾ ಒಗೆಯುವವಳಿಗೆ ಪಿಟೀಲು ಬಾರಿಸಿದ ಜಾಹೀರಾತು ಕಡಿಮೆ.

ಪ್ರಶ್ನೆ: ಕನ್ಯೆ ನೋಡಲು ಬರುವವರು ‘ಬಣ್ಣ ಸ್ವಲ್ಪ ಕಡಿಮೆ’ ಅನ್ನುತ್ತಾರೆ. ಕ್ರೀಮಿನ ಜಾಹೀರಾತು ನಿಲ್ಲಿಸಿದರೆ ಇದು ನಿಲ್ಲುತ್ತದಾ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಇಲ್ಲ, ಅಮ್ಮ. ಆ ಚಾಳಿ ಕ್ರೀಮಿಗಿಂತ ಹಳೆಯದು. ಕ್ರೀಮು ಅದನ್ನು ತಿಂಗಳ ಖರ್ಚಾಗಿ ಮಾಡಿತು, ಅಷ್ಟೆ. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಮಗಳು ಕಪ್ಪಾಗಿದ್ದಾಳೆಂದು ಅಪ್ಪ ಕೊರಗುವ, ಬೆಳ್ಳಗಾದ ಮೇಲೆ ಅವಳಿಗೆ ಕೆಲಸ ಸಿಗುವ ಜಾಹೀರಾತುಗಳ ವಿರುದ್ಧ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ 2000ದ ದಶಕದ ಆರಂಭದಲ್ಲಿ ದೂರು ಕೊಟ್ಟು ಬೆನ್ನು ಹತ್ತಿತು. 2014ರಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ, ಕಪ್ಪು ಬಣ್ಣದವರನ್ನು ದುಃಖಿತರು, ಸೋತವರು, ಮದುವೆಗೆ ಬೇಡವಾದವರು ಎಂದು ತೋರಿಸಬಾರದೆಂದು ಮಾರ್ಗಸೂಚಿ ಮಾಡಿತು. 2020ರಲ್ಲಿ ‘ಫೇರ್’ ಹೋಗಿ ‘ಗ್ಲೋ’ ಬಂತು. ಈಗ ‘ಹೊಳಪು’, ‘ಕಾಂತಿ’, ‘ಕಲೆರಹಿತ’ ಎಂಬ ಮಾತುಗಳು ಹಳೆಯ ಕೆಲಸವನ್ನೇ ಮಾಡುತ್ತಿವೆ. ‘ಮೊದಲು–ಆಮೇಲೆ’ ಚಿತ್ರಗಳಲ್ಲಿ ಬೆಳಕು ಬೇರೆ, ನಗು ಬೇರೆ, ತಲೆಗೂದಲೂ ಬೇರೆ. ಮುಖ ಬೆಳ್ಳಗಾಯಿತು ಎನ್ನಿಸಲು ದೀಪವೇ ಸಾಕು. ನಿಮ್ಮ ಕೈಯಲ್ಲಿ ಆಗುವುದೊಂದಿದೆ: ವಧೂವರ ಕೇಂದ್ರಕ್ಕೆ ಕೊಡುವ ವಿವರದಲ್ಲಿ ‘ಬಣ್ಣ’ ಎಂಬ ಸಾಲನ್ನು ಖಾಲಿ ಬಿಡಿ, ಸ್ಟುಡಿಯೊದವರಿಗೆ ಮುಖ ತಿಳಿ ಮಾಡಬೇಡಿ ಎಂದು ಮೊದಲೇ ಹೇಳಿ. ಹೇಳದಿದ್ದರೆ ಅವರು ಕೇಳದೆಯೇ ಮಾಡಿಕೊಡುತ್ತಾರೆ.

ಪ್ರಶ್ನೆ: ನಾವು ಆರು ಜನ ಬಿ.ಎ. ವಿದ್ಯಾರ್ಥಿನಿಯರು. ಕನ್ನಡ ಟಿವಿ ಜಾಹೀರಾತಿನಲ್ಲಿ ಮಹಿಳೆಯರ ಚಿತ್ರಣ ಕುರಿತು ಕಿರುಸಂಶೋಧನೆ ಮಾಡಬೇಕು. ಹೋದ ವರ್ಷದ ತಂಡದ್ದನ್ನು ‘ಬರೀ ಅಭಿಪ್ರಾಯ’ ಎಂದು ಪರೀಕ್ಷಕರು ತಳ್ಳಿಹಾಕಿದರಂತೆ.
– ಹಾಸನದ ಕಾಲೇಜೊಂದರಿಂದ

ಉತ್ತರ: ತಳ್ಳಿಹಾಕಿದ್ದಕ್ಕೆ ಕಾರಣ ಊಹಿಸಬಹುದು. ನೆನಪಿಗೆ ಬಂದ ಐದಾರು ಜಾಹೀರಾತು ಎತ್ತಿಕೊಂಡು ಬೈದಿರುತ್ತಾರೆ. ನೆನಪಿಗೆ ಬರುವುದು ಯಾವಾಗಲೂ ಅತಿಯಾದದ್ದು; ಸಾಮಾನ್ಯವಾದದ್ದು ಕಣ್ಣು ತಪ್ಪಿಸುತ್ತದೆ. ಎಣಿಸಿ.

ಎರಡು ಮನರಂಜನಾ ಚಾನೆಲ್, ಸಂಜೆ 7ರಿಂದ 10, ಏಳು ದಿನ. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 10 ನಿಮಿಷ ಜಾಹೀರಾತು, 2 ನಿಮಿಷ ಚಾನೆಲ್ಲಿನ ಸ್ವಂತ ಪ್ರಚಾರ. ಒಂದಕ್ಕೆ 20 ಸೆಕೆಂಡಿನಂತೆ ಹಿಡಿದರೆ ಮೂರು ಗಂಟೆಗೆ ಸುಮಾರು 90, ವಾರಕ್ಕೆ ಎರಡೂ ಚಾನೆಲ್ ಸೇರಿ 1,260. ಗಾಬರಿ ಬೇಡ, ಬಹುಪಾಲು ಪುನರಾವರ್ತನೆ. ಅದಕ್ಕೇ ಎರಡು ಲೆಕ್ಕ ಇಡಿ: ಬೇರೆ ಬೇರೆ ಜಾಹೀರಾತು ಎಷ್ಟು, ಪ್ರತಿಯೊಂದೂ ಎಷ್ಟು ಸಲ ಬಂತು. ಮೊದಲನೆಯದು ಜಾಹೀರಾತು ಮಾಡುವವರ ಮನಸ್ಸು, ಎರಡನೆಯದು ಮನೆಯಲ್ಲಿ ಕೂತವರ ಕಣ್ಣಿಗೆ ನಿಜಕ್ಕೂ ಬೀಳುವುದು. ದೀಪಾವಳಿ, ವರಮಹಾಲಕ್ಷ್ಮಿ ವಾರ ಆರಿಸಬೇಡಿ, ಒಡವೆಯೇ ತುಂಬಿಕೊಂಡು ಲೆಕ್ಕ ಓರೆಯಾಗುತ್ತದೆ.

ಹಾಳೆಯಲ್ಲಿ ‘ಅವಮಾನಕರ – ಹೌದು/ಇಲ್ಲ’ ಎಂಬ ಕಾಲಂ ಹಾಕಿದರೆ ಅಲ್ಲಿಗೇ ಕೆಟ್ಟಿತು. ಕಣ್ಣಿಗೆ ಕಾಣುವುದನ್ನು, ಕಿವಿಗೆ ಕೇಳುವುದನ್ನು ಮಾತ್ರ ಬರೆಯಿರಿ. ಸರಕು ಯಾವುದು, ಮುಖ್ಯ ಪಾತ್ರ ಹೆಣ್ಣೋ ಗಂಡೋ, ಸ್ಥಳ ಅಡುಗೆಮನೆಯೋ, ನಡುಮನೆಯೋ, ಕಚೇರಿಯೋ, ರಸ್ತೆಯೋ, ಅವಳ ಕೈಯಲ್ಲಿ ಏನಿದೆ, ಸರಕನ್ನು ಬಳಸುತ್ತಾಳೋ, ಬಡಿಸುತ್ತಾಳೋ, ಬರೀ ಪಕ್ಕದಲ್ಲಿದ್ದಾಳೋ, ಮೈಯ ಒಂದು ಭಾಗವನ್ನಷ್ಟೇ, ಮುಖವಿಲ್ಲದೆ, ತೋರಿಸುವ ಶಾಟ್ ಇದೆಯೋ, ಸಲಹೆ ಕೊಡುವವರು ಯಾರು. ಕೊನೆಯದಾಗಿ, ತೆರೆಯ ಮೇಲೆ ಕಾಣದ ಹಿನ್ನೆಲೆ ದನಿ ಯಾರದು. ಇದನ್ನು ಬಹಳ ತಂಡಗಳು ಮರೆಯುತ್ತವೆ. ಚಿತ್ರದ ತುಂಬ ಹೆಂಗಸರಿದ್ದು, ಕೊನೆಯಲ್ಲಿ ‘ಇದೇ ಸರಿ’ ಎಂದು ತೀರ್ಮಾನ ಹೇಳುವ ದನಿ ಗಂಡಸಿನದಾಗಿರುವುದು ಪಾತ್ರೆ ತೊಳೆಯುವ ಸೋಪಿನಲ್ಲೂ ಉಂಟು. ಹಿಂದಿಯಿಂದ ಡಬ್ ಆದದ್ದೋ, ಕನ್ನಡಕ್ಕೇ ಮಾಡಿದ್ದೋ ಎಂಬ ಕಾಲಂ ಕೂಡ ಇರಲಿ; ತುಟಿ–ಮಾತಿನ ಹೊಂದಿಕೆ ನೋಡಿದರೆ ಗೊತ್ತಾಗುತ್ತದೆ. ನಮ್ಮ ಮನೆಗಳೆಂದು ತೋರಿಸುವ ಎಷ್ಟೋ ಮನೆ ನಮ್ಮವಲ್ಲ ಎಂಬುದು ಆಗ ಅಂಕಿಯಲ್ಲೇ ಸಿಗುತ್ತದೆ.

ಎಲ್ಲರೂ ಶುರುಮಾಡುವ ಮೊದಲು, ಇಬ್ಬರು ಒಬ್ಬರ ಹಾಳೆ ಒಬ್ಬರು ನೋಡದೆ ಅದೇ 50 ಜಾಹೀರಾತು ತುಂಬಿ. ಪ್ರತಿ ಕಾಲಂನಲ್ಲೂ 40ಕ್ಕಾದರೂ ಉತ್ತರ ಒಂದೇ ಬರಬೇಕು. ಬಾರದಿದ್ದರೆ ಜಗಳ ಬೇಡ, ಕಾಲಂನ ಅರ್ಥವಿವರಣೆ ಸಡಿಲವಿದೆ ಎಂದರ್ಥ. ಉದಾಹರಣೆಗೆ ‘ಮುಖ್ಯ ಪಾತ್ರ’ ಎಂದರೆ ಹೆಚ್ಚು ಸೆಕೆಂಡು ಕಾಣುವವರೋ, ಹೆಚ್ಚು ಮಾತಾಡುವವರೋ ಎಂದು ಮೊದಲೇ ಬರೆದಿಡಿ. ಸಂಖ್ಯಾಶಾಸ್ತ್ರದ ಮೇಷ್ಟ್ರು ಸಿಕ್ಕಿದರೆ ಕಪ್ಪಾ ಎಂಬ ಅಳತೆ ಹಾಕಿಸಿ, ಅದು ಆಕಸ್ಮಿಕವಾಗಿ ಹೊಂದಿದ್ದನ್ನು ಕಳೆದು ಹೇಳುತ್ತದೆ. ಇಷ್ಟಾದ ಮೇಲೆ ಬೈಯಿರಿ. ಆಗ ಅದು ಅಭಿಪ್ರಾಯವಲ್ಲ.

ಪ್ರಶ್ನೆ: ಒಂದು ಜಾಹೀರಾತಿನ ಮೇಲೆ ನಮ್ಮ ಸ್ತ್ರೀಶಕ್ತಿ ಸಂಘದಿಂದ ದೂರು ಕೊಡಬೇಕು. ಪೊಲೀಸ್ ಠಾಣೆಗೋ, ಮಹಿಳಾ ಆಯೋಗಕ್ಕೋ? ಕೊಟ್ಟರೆ ಏನಾದರೂ ಆಗುತ್ತದಾ?
– ಸಕಲೇಶಪುರ, ತರೀಕೆರೆ, ಆಲೂರಿನಿಂದ ಮೂರು ಪತ್ರ

ಉತ್ತರ: ಎಲ್ಲಿಗೆ ಎಂಬುದು ಜಾಹೀರಾತು ಎಲ್ಲಿ ಬಂತು, ತಪ್ಪು ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಎಲ್ಲ ಕಡೆಗೂ ಒಂದೇ ಅರ್ಜಿಯ ಜೆರಾಕ್ಸ್ ಕಳಿಸಿದರೆ ಎಲ್ಲರೂ ‘ನಮಗೆ ಸಂಬಂಧಿಸಿದ್ದಲ್ಲ’ ಎನ್ನುತ್ತಾರೆ.

ಕೋಪ ಆರುವ ಮೊದಲೇ ಸಾಕ್ಷ್ಯ ಹಿಡಿಯಿರಿ. ಟಿವಿಯಾದರೆ ಚಾನೆಲ್, ದಿನಾಂಕ, ಗಂಟೆ–ನಿಮಿಷ, ಯಾವ ಧಾರಾವಾಹಿಯ ನಡುವೆ ಎಂದು ಬರೆದು, ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಯೂಟ್ಯೂಬಾದರೆ ಕೊಂಡಿ ಮತ್ತು ಸ್ಕ್ರೀನ್‌ಶಾಟ್ ಎರಡೂ ಬೇಕು, ಬರೀ ಕೊಂಡಿಯಿದ್ದರೆ ಅವರು ಅಳಿಸಿದ ದಿನ ನಿಮ್ಮ ದೂರೂ ಅಳಿಯುತ್ತದೆ. ಫ್ಲೆಕ್ಸಾದರೆ ಪಕ್ಕದ ಕಟ್ಟಡವೂ ಕಾಣುವಂತೆ ಒಂದು ಫೋಟೊ, ಹತ್ತಿರದಿಂದ ಒಂದು.

ಹೆಚ್ಚಿನ ದೂರಿಗೆ ಸರಿಯಾದ ಬಾಗಿಲು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ, ಅಂದರೆ ಎಎಸ್‌ಸಿಐ. ಜಾಹೀರಾತು ಉದ್ಯಮವೇ 1985ರಲ್ಲಿ ಕಟ್ಟಿಕೊಂಡ ಸಂಸ್ಥೆ, ಮುಂಬಯಿಯಲ್ಲಿದೆ. ಅದರ ವೆಬ್‌ಸೈಟಿನಲ್ಲಿ ಖರ್ಚಿಲ್ಲದೆ ದೂರು ಕೊಡಬಹುದು. ಇದು ದಂಡ ಹಾಕುವುದಿಲ್ಲ, ಬದಲಿಸಿ ಅಥವಾ ಹಿಂತೆಗೆಯಿರಿ ಎನ್ನುತ್ತದೆ. ಆದರೆ ಕೇಬಲ್ ಟಿವಿ ನಿಯಮಗಳ 7ನೇ ನಿಯಮವು ಈ ಮಂಡಳಿಯ ಸಂಹಿತೆ ಮೀರಿದ ಜಾಹೀರಾತನ್ನು ಟಿವಿಯಲ್ಲಿ ಹಾಕಬಾರದೆನ್ನುವುದರಿಂದ ಅದರ ಮಾತಿಗೆ ಟಿವಿಯ ಮಟ್ಟಿಗೆ ಹಲ್ಲಿದೆ.

ಇಲ್ಲಿ ದೊಡ್ಡ ಎಡವಟ್ಟಾಗುವುದು ‘ಅಶ್ಲೀಲ’ ಎಂಬ ಪದದಿಂದ. ಕೈಗೆ ಸಿಕ್ಕ ಎಲ್ಲ ತಪ್ಪಿಗೂ ನಾವು ಅದನ್ನೇ ಬರೆಯುತ್ತೇವೆ. ಸೊಸೆಗೆ ಸಾರು ಮಾಡಲು ಬಾರದ್ದಕ್ಕೆ ಮನೆಮಂದಿಯೆಲ್ಲ ನಗುವ ಮಸಾಲೆಪುಡಿ ಜಾಹೀರಾತಿನಲ್ಲಿ ಅಶ್ಲೀಲ ಏನೂ ಇಲ್ಲ. ಆ ಪದ ಬರೆದರೆ ದೂರು ಬೀಳುತ್ತದೆ. ಮಂಡಳಿಯ 2022ರ ಮಾರ್ಗಸೂಚಿ ಲಿಂಗದ ಸಿದ್ಧಮಾದರಿಗಳ ಬಗ್ಗೆಯೇ ಇದೆ. ಅದು ಹೆಂಗಸು ಮನೆ ಗುಡಿಸುವುದನ್ನು ತೋರಿಸಬೇಡಿ ಎನ್ನುವುದಿಲ್ಲ. ಆ ಕೆಲಸ ಅವಳದೇ, ಅವಳದು ಮಾತ್ರ ಎಂದು ಸೂಚಿಸಬಾರದು ಎನ್ನುತ್ತದೆ. ಸಿದ್ಧಮಾದರಿಗೆ ಹೊಂದದವರನ್ನು ಗೇಲಿ ಮಾಡಬಾರದು. ಹೆಣ್ಣಾದ್ದರಿಂದ ಕಾರು ನಿಲ್ಲಿಸಲು ಬರಲಿಲ್ಲ, ಗಂಡಾದ್ದರಿಂದ ಮಗುವಿನ ಡಯಾಪರ್ ಬದಲಿಸಲು ಬರಲಿಲ್ಲ ಎಂಬಂತೆ ತೋರಿಸಬಾರದು. ಸರಕಿಗೆ ಸಂಬಂಧವೇ ಇಲ್ಲದೆ ದೇಹವನ್ನು ಕಾಮದ ವಸ್ತುವಾಗಿ ಬಳಸಬಾರದು. ಈ ಸಾಲುಗಳಲ್ಲಿ ಒಂದನ್ನು ಆರಿಸಿಕೊಂಡು ಹೀಗೆ ಬರೆಯಿರಿ:

‘ಇಂಥ ದಿನ ರಾತ್ರಿ 8.40ಕ್ಕೆ ಇಂಥ ಚಾನೆಲ್ಲಿನಲ್ಲಿ ಬಂದ ಈ ಜಾಹೀರಾತಿನ 12ನೇ ಸೆಕೆಂಡಿನಲ್ಲಿ, ಅಡುಗೆ ಕೆಡಿಸಿದ ಸೊಸೆಯನ್ನು ನೋಡಿ ಅತ್ತೆ, ಮಾವ, ಗಂಡ ನಗುತ್ತಾರೆ. ಹಿನ್ನೆಲೆಯ ಗಂಡುದನಿ “ಹೆಣ್ಣಾಗಿ ಇಷ್ಟೂ ಬರಲ್ವಾ?” ಎನ್ನುತ್ತದೆ. ಅಡುಗೆ ಬಾರದ ಹೆಣ್ಣನ್ನು ಗೇಲಿ ಮಾಡುವುದೇ ಇಲ್ಲಿನ ಹಾಸ್ಯ. ಇದು ಲಿಂಗದ ಸಿದ್ಧಮಾದರಿ ಕುರಿತ 2022ರ ಮಾರ್ಗಸೂಚಿಗೆ ವಿರುದ್ಧ.’

ಮುಗಿಯಿತು. ನಮ್ಮ ಸಂಸ್ಕೃತಿ, ತಾಯಿ, ದೇವತೆ ಯಾವುದೂ ಬೇಡ.

ಟಿವಿಯ ಜಾಹೀರಾತಾದರೆ ಚಾನೆಲ್ಲಿಗೇ ಲಿಖಿತ ದೂರು ಕೊಡುವ ದಾರಿಯೂ ಇದೆ. ಕೇಬಲ್ ಟಿವಿ ನಿಯಮಗಳ 2021ರ ತಿದ್ದುಪಡಿಯ ಪ್ರಕಾರ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಉತ್ತರ ಕೊಡಬೇಕು. ಅಲ್ಲಿ ಉಲ್ಲೇಖಿಸಲು ಅದೇ 7ನೇ ನಿಯಮದಲ್ಲಿ ಒಂದು ಒಳ್ಳೆಯ ಸಾಲಿದೆ: ಹೆಣ್ಣನ್ನು ವಿಧೇಯಳಾಗಿ, ಕುಟುಂಬ ಮತ್ತು ಸಮಾಜದಲ್ಲಿ ಎರಡನೆಯ ದರ್ಜೆಯವಳಾಗಿ ಇರುವಂತೆ ಪ್ರೋತ್ಸಾಹಿಸುವ ಚಿತ್ರಣ ಕೂಡದು. ಇಷ್ಟು ಸ್ಪಷ್ಟವಾದ ಸಾಲು ಕಾನೂನಿನಲ್ಲಿ ಇದೆಯೆಂದು ಧಾರಾವಾಹಿಗಳ ನಡುವಿನ ಜಾಹೀರಾತು ನೋಡಿದರೆ ಅನ್ನಿಸುವುದಿಲ್ಲ.

ಪೊಲೀಸರಿಗೆ ಹೋಗುವುದಾದರೆ 1986ರ ಮಹಿಳೆಯರ ಅಸಭ್ಯ ನಿರೂಪಣೆ ನಿಷೇಧ ಕಾಯ್ದೆ ಇದೆ. ಮೊದಲ ಸಲ 2 ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. ಭಿತ್ತಿಪತ್ರ, ಫ್ಲೆಕ್ಸು, ಕರಪತ್ರಕ್ಕೆ ಇದು ಹೊಂದುತ್ತದೆ. ಆದರೆ ಅದರ ವ್ಯಾಖ್ಯೆಯಲ್ಲಿ ಹೆಣ್ಣಿನ ಘನತೆಗೆ ಕುಂದು ಮತ್ತು ಸಾರ್ವಜನಿಕ ನೈತಿಕತೆಗೆ ಧಕ್ಕೆ ಎರಡೂ ಕಲಸಿಹೋಗಿವೆ. ಠಾಣೆಯಲ್ಲಿ ಸಾಮಾನ್ಯವಾಗಿ ಎರಡನೆಯದನ್ನೇ ಹಿಡಿಯುತ್ತಾರೆ. ಮೈ ಕಂಡರೆ ಪ್ರಕರಣ, ಕಾಣದಿದ್ದರೆ ‘ಹೋಗಮ್ಮಾ’. ಮಹಿಳಾ ಆಯೋಗ ವಿವರಣೆ ಕೇಳಬಹುದು, ಶಿಫಾರಸು ಮಾಡಬಹುದು. ನಿಷೇಧಿಸುವ ಅಧಿಕಾರ ಅದಕ್ಕಿಲ್ಲ. ಫ್ಲೆಕ್ಸಿನ ವಿಷಯದಲ್ಲಿ ಒಂದು ಅಡ್ಡದಾರಿ: ಊರಿನ ಸ್ಥಳೀಯ ಸಂಸ್ಥೆಯ ಅನುಮತಿ ಇದೆಯೇ ಎಂದು ಕೇಳಿ. ಎಷ್ಟೋ ಸಲ ಇರುವುದಿಲ್ಲ, ಆಗ ಅವಳ ಕೈ ಎಲ್ಲಿದೆ ಎಂಬ ಚರ್ಚೆಯಿಲ್ಲದೆಯೇ ಫ್ಲೆಕ್ಸು ಇಳಿಯುತ್ತದೆ.

ಏನಾದರೂ ಆಗುತ್ತದಾ ಎಂದಿರಿ. 2022ರ ಜೂನ್‌ನಲ್ಲಿ ಸಾಮೂಹಿಕ ಅತ್ಯಾಚಾರದ ಭಯವನ್ನೇ ತಮಾಷೆ ಮಾಡಿದ ಡಿಯೋಡರೆಂಟ್ ಜಾಹೀರಾತೊಂದು ಬಂದಾಗ ಜನ ಸಿಡಿದೆದ್ದರು. ಮಂಡಳಿ ಅದನ್ನು ಕೂಡಲೇ ತಡೆಹಿಡಿಯಿತು, ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟ್ವಿಟರ್, ಯೂಟ್ಯೂಬ್‌ಗಳಿಗೆ ತೆಗೆಯಲು ಹೇಳಿತು. ಅಷ್ಟು ಗದ್ದಲವಿಲ್ಲದ ದೂರು ನಿಧಾನಕ್ಕೆ ನಡೆಯುತ್ತದೆ.

ಪ್ರಶ್ನೆ: ತಾಲ್ಲೂಕಿನಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತೇನೆ. ಹೆಂಗಸರ ಮೇಲಿನ ಅಪರಾಧ ಬರೆಯುವಾಗ ಹೆಸರು ಬಿಡುತ್ತೇನೆ. ಅಷ್ಟು ಸಾಲದೇ?
– ವರದಿಗಾರ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಸಾಲದು. ಅತ್ಯಾಚಾರದಂಥ ಪ್ರಕರಣಗಳಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ತಡೆಯುವುದು ಹೆಸರನ್ನಷ್ಟೇ ಅಲ್ಲ, ಗುರುತು ತಿಳಿಸುವ ಯಾವುದನ್ನೂ. 2 ವರ್ಷದವರೆಗೆ ಸೆರೆ. ‘ಇಂಥ ಗ್ರಾಮದ ಅಂಗನವಾಡಿ ಸಹಾಯಕಿಯ ಹಿರಿಮಗಳು’ ಎಂದರೆ ನಲವತ್ತು ಮನೆಯ ಊರಿನಲ್ಲಿ ಹೆಸರು ಹೇಳಿದಂತೆಯೇ. ಹೋಬಳಿಯೂ ಬೇಡ, ತಾಲ್ಲೂಕಿಗೆ ನಿಲ್ಲಿಸಿ. ಆರೋಪಿ ಅಪ್ಪ, ಚಿಕ್ಕಪ್ಪ ಆಗಿದ್ದರೆ ಅವನ ಹೆಸರೂ ಅವಳನ್ನು ಬಯಲು ಮಾಡುತ್ತದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ) ಕಾಯ್ದೆಯ 23ನೇ ಕಲಮು ಶಾಲೆ, ನೆರೆಹೊರೆ, ಕುಟುಂಬದ ವಿವರವನ್ನೂ ಸೇರಿಸುತ್ತದೆ. ಫೋಟೊದಲ್ಲಿ ಕಣ್ಣಿಗೆ ಕಪ್ಪುಪಟ್ಟಿ ಎಳೆದರೆ ಊರಿನವರಿಗೆ ಗುರುತು ಸಿಗದೆ ಇರುತ್ತದೆಯೇ? ಮನೆಯ ಗೇಟು, ಸೀರೆ, ದನಿ ಯಾವುದೂ ಬೇಡ; ಮಸುಕು ಮಾಡುವ ಬದಲು ಹಾಕದೇ ಇರಿ.

ಆಮೇಲೆ ವಾಕ್ಯ. ‘ಯುವತಿ ಅತ್ಯಾಚಾರಕ್ಕೆ ಒಳಗಾದಳು’ ಎಂಬಲ್ಲಿ ಮಾಡಿದವನೇ ಇಲ್ಲ, ಮಳೆಗೆ ನೆನೆದಂತೆ ಅವಳೇ ಹೋಗಿ ಒಳಗಾಗಿದ್ದಾಳೆ. ‘ಅತ್ಯಾಚಾರ ಎಸಗಿದ ಆರೋಪ: ಒಬ್ಬನ ಬಂಧನ’ ಎಂದರೆ ಕಾನೂನಿಗೂ ಸರಿ, ವ್ಯಾಕರಣಕ್ಕೂ ಸರಿ. ‘ಪ್ರೀತಿ ನಿರಾಕರಿಸಿದ ಯುವತಿ ಕೊಲೆ’ ಎಂಬ ತಲೆಬರಹದಲ್ಲಿ ಕಾರಣ ಅವಳ ಕಡೆ ಬಿತ್ತು. ‘ಹಿಂಬಾಲಿಸುತ್ತಿದ್ದವನಿಂದ ಯುವತಿ ಕೊಲೆ: ದೂರು’ ಎನ್ನಿ. ‘ಮಾನಭಂಗ’, ‘ಶೀಲ ಹರಣ’ ಬಿಡಿ; ಮಾನ ಹೋಗಬೇಕಾದವನು ಇನ್ನೊಬ್ಬ. ಏಕವಚನ–ಬಹುವಚನವನ್ನೂ ಒಮ್ಮೆ ಎಣಿಸಿ: ಆರೋಪಿ ಮುಖಂಡರಾದರೆ ‘ಅವರು’, ದೂರು ಕೊಟ್ಟವರು ‘ಈಕೆ’. ಇಬ್ಬರಿಗೂ ಒಂದೇ ಇರಲಿ.

2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಹೆಂಗಸರ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದಾಗ ಸುದ್ದಿಮನೆಗಳು ಇಟ್ಟ ಹೆಸರು ‘ಅಶ್ಲೀಲ ವಿಡಿಯೊ ಪ್ರಕರಣ’. ಲೈಂಗಿಕ ದೌರ್ಜನ್ಯದ ದೂರುಗಳಿಗೆ ಸಿನಿಮಾದ ಹೆಸರಿಟ್ಟಂತೆ. ಮುಖ ಮರೆಸದ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಹೋದವು. ಮೇ 30ರ ‘ಹಾಸನ ಚಲೋ’ದಲ್ಲಿ ಬೀದಿಗಿಳಿದವರು ನಿಂತದ್ದು ಆ ಹೆಂಗಸರ ಪರ. ಇಂಥ ತುಣುಕನ್ನು ‘ನೋಡಿ ಅಂತ’ ಕಳಿಸುವುದೂ ಐಟಿ ಕಾಯ್ದೆ 67ಎ ಅಡಿ ಅಪರಾಧ: ಮೊದಲ ಸಲವೇ 5 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ. ವರದಿಗಾರರ ವಾಟ್ಸಾಪ್ ಗುಂಪಿಗೆ ವಿನಾಯಿತಿಯಿಲ್ಲ. ತನ್ನ ಚಿತ್ರ ಹರಿದಾಡುತ್ತಿದೆ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ಹೇಳಿ: ಆ ಜಾಲತಾಣಕ್ಕೆ ಅವರೇ ದೂರು ಕೊಟ್ಟರೆ 2021ರ ಐಟಿ ನಿಯಮಕ್ಕೆ 2026ರಲ್ಲಿ ಆದ ತಿದ್ದುಪಡಿಯಂತೆ 2 ಗಂಟೆಯಲ್ಲಿ ತೆಗೆಯುವ ಕ್ರಮವಾಗಬೇಕು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಬಹುದು.

ಇನ್ನೊಂದು, ನಿಮ್ಮ ಡೈರಿ ತೆಗೆದು ನೋಡಿ. ಕಾಡಾನೆ, ಕಾಳುಮೆಣಸಿನ ಬೆಲೆ, ರಸ್ತೆ ಗುಂಡಿ ಕುರಿತು ಈ ತಿಂಗಳು ಎಷ್ಟು ಹೆಂಗಸರ ಮಾತು ಬರೆದುಕೊಂಡಿರಿ? ಜಾಗತಿಕ ಮಾಧ್ಯಮ ನಿಗಾ ಯೋಜನೆಯ ಎಣಿಕೆಯಲ್ಲಿ ಸುದ್ದಿಯಲ್ಲಿ ಕಾಣುವ, ಕೇಳುವ ಜನರಲ್ಲಿ ಹೆಂಗಸರು 1995ರಲ್ಲಿ ನೂರಕ್ಕೆ 17, 2020ರಲ್ಲಿ 25. ಆನೆ ಬಂದಾಗ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆಯಲ್ಲಿ) ಇದ್ದವರನ್ನು ಕೇಳಿದರೆ ಸುದ್ದಿಯೂ ಗಟ್ಟಿಯಾಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ಹೇಳುವ ನಿಮ್ಮ ಪತ್ರಿಕೆಯ ಹಿಂಬದಿ ಪುಟದಲ್ಲೇ ಹೋದ ಸಂಚಿಕೆಯಲ್ಲಿ ನೀರಿನ ಪಂಪಿನ ಜಾಹೀರಾತಿತ್ತು. ಪಂಪಿಗೆ ಒರಗಿ ಒದ್ದೆ ಸೀರೆಯ ಹುಡುಗಿ. ಏನಂತೀರಿ?
– ರೈತ ಮಹಿಳೆ, ಹೊಳೆನರಸೀಪುರ

ಉತ್ತರ: ಸರಿಯಾಗಿಯೇ ಹಿಡಿದಿದ್ದೀರಿ. ಸರಕಿಗೆ ಸಂಬಂಧವಿಲ್ಲದ ದೇಹ ಎಂಬುದಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗದು. ಎಷ್ಟು ಎಚ್‌ಪಿ, ಎಷ್ಟು ಅಡಿ ಎತ್ತುತ್ತದೆ ಎಂಬುದು ಮೂಲೆಯಲ್ಲಿ ಸಣ್ಣಕ್ಷರದಲ್ಲಿತ್ತು. ಪಂಪ್ ಕೊಳ್ಳುವವರಿಗೆ ಬೇಕಾದದ್ದು ಅದು. ಅಂಕಣದವರಿಗೂ ಜಾಹೀರಾತು ವಿಭಾಗಕ್ಕೂ ನಡುವೆ ಗೋಡೆಯಿದೆ ಎಂದು ಜಾರಿಕೊಳ್ಳಬಹುದಿತ್ತು, ಆದರೆ ಅಚ್ಚಾದದ್ದಕ್ಕೆಲ್ಲ, ಜಾಹೀರಾತಿಗೂ ಸೇರಿ, ಹೊಣೆ ಸಂಪಾದಕರದು. ಆದ್ದರಿಂದ ಮೊದಲು ಅವರಿಗೇ ಪತ್ರ ಬರೆದು ಒಂದು ಪ್ರತಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ, ಸಾಲದಿದ್ದರೆ, ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ಹೋಗಿ. ಸಂಪಾದಕರಿಗೆ ಬರೆದ ಪತ್ರದ ನಕಲು, ಜಾಹೀರಾತಿನ ಮೂಲ ಪುಟ, ಅದರ ಮಾತುಗಳ ಇಂಗ್ಲಿಷ್ ಅನುವಾದ, ಈ ವಿಷಯ ಯಾವ ನ್ಯಾಯಾಲಯದಲ್ಲೂ ಇಲ್ಲವೆಂಬ ಘೋಷಣೆ ಜೊತೆಗಿರಬೇಕು. ಅನುವಾದ ಇಡದೆ ಕಳಿಸಿದ ಕನ್ನಡದ ದೂರುಗಳು ಅಲ್ಲೇ ತಡವಾಗುತ್ತವೆ. ದಿನಪತ್ರಿಕೆ, ವಾರಪತ್ರಿಕೆಗೆ ಪ್ರಕಟವಾದ ದಿನದಿಂದ ಎರಡು ತಿಂಗಳು ಗಡುವು, ನಮ್ಮಂಥ ಮಾಸಪತ್ರಿಕೆಗೆ ನಾಲ್ಕು. ಮಂಡಳಿ ದಂಡ ಹಾಕುವುದಿಲ್ಲ, ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ಆ ಸಂಚಿಕೆಯನ್ನು ರದ್ದಿಗೆ ಹಾಕಿದ್ದರೆ ತಿಳಿಸಿ, ಕಚೇರಿಯಿಂದ ಒಂದು ಪ್ರತಿ ಕಳಿಸುತ್ತೇವೆ.